ಹೊರಗಿನ ಬೆಂಚು

ಶನಿವಾರ, ಮಾರ್ಚ್ 2

ಇವತ್ತು ನನ್ನ ಮಾತಿಗೆ ಹತ್ತು ಜನ ತಲೆದೂಗಿದರು. ಮನೆಯಲ್ಲಿ ಒಬ್ಬರು ತಲೆದೂಗುವುದೇ ಅಪರೂಪ. ಅದಕ್ಕೇ ಬರೆದಿಡುತ್ತಿದ್ದೇನೆ.

ನಗರಸಭೆಯ ಮೇಲ್ಮಹಡಿಯ ಕೋಣೆ. ಉದ್ದ ಮೇಜು, ಹನ್ನೊಂದು ಕುರ್ಚಿ, ಹತ್ತು ನಿಮಿಷ ಮುಂದೆ ಓಡುವ ಗಡಿಯಾರ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಹನ್ನೊಂದು ಜನ ನಾವು. ತೆರಿಗೆಯ ಹಣ ಎಲ್ಲದಕ್ಕೂ ಸಾಲುವುದಿಲ್ಲವಂತೆ. ಹದಿನಾಲ್ಕು ಸೇವೆಗಳ ಪಟ್ಟಿ ಕೊಟ್ಟಿದ್ದಾರೆ. ಯಾವುದನ್ನು ತೆರಿಗೆಯಿಂದ ನಡೆಸಬೇಕು, ಯಾವುದನ್ನು ಬಿಡಬೇಕು ಎಂದು ಆರು ಶನಿವಾರಗಳಲ್ಲಿ ನಾವು ತೀರ್ಮಾನಿಸಬೇಕು. ನಮ್ಮ ತೀರ್ಮಾನವೇ ಕೊನೆಯದು ಎಂದು ನಗರಸಭೆ ಮೊದಲೇ ಬರೆದುಕೊಟ್ಟಿದೆ.

ಚೀಟಿಯಲ್ಲಿ ಬಂದವರಲ್ಲಿ ಒಬ್ಬರು ನಿವೃತ್ತ ನ್ಯಾಯಾಧೀಶರು. ಬೇರೆ ಯಾರನ್ನೂ ಕೇಳದೆ ಎಲ್ಲರೂ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದೆವು. ಪಕ್ಕದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯವರು, ಎದುರಿಗೆ ಒಬ್ಬ ಟೈಲರಮ್ಮ. ಕ್ಷೌರದಂಗಡಿಯವರು ಪರಿಚಯ ಹೇಳಿಕೊಂಡದ್ದು ಹೀಗೆ: "ನನ್ನನ್ನ ಎಲ್ರೂ ಕತ್ತರಿ ಅಂತಾರೆ. ಸೇವೆಗಳಿಗೆ ಕತ್ತರಿ ಹಾಕೋ ಸಭೆಗೆ ಸರಿಯಾದವನನ್ನೇ ಕರೆಸಿದ್ದೀರಿ." ಟೈಲರಮ್ಮ ತಕ್ಷಣ, "ಕತ್ತರಿ ನನ್ನ ಹತ್ರನೂ ಇದೆ ಸ್ವಾಮಿ, ಆದ್ರೆ ನಾವು ಕತ್ತರಿಸೋ ಮುಂಚೆ ಅಳತೆ ತಗೋತೀವಿ" ಎಂದರು.

ನಾನು ಸೂಚಿಸಿದ್ದು ಒಂದು ನಿಯಮ. ಯಾವ ಸೇವೆಯ ಮಾತು ಬಂದರೂ, ಅದನ್ನು ಬಳಸುವವರು, ಇಲ್ಲವೇ ಯಾರ ಮನೆಯವರು ಬಳಸುತ್ತಾರೋ ಅವರು ಎದ್ದು ಹೊರಗೆ ಹೋಗಬೇಕು. ಚರ್ಚೆಯೂ ಬೇಡ, ಮತವೂ ಬೇಡ. ಇದು ನನ್ನ ಕಸುಬಿನಿಂದ ಬಂದ ಯೋಚನೆ. ತಕ್ಕಡಿಗಳನ್ನು ಪರೀಕ್ಷಿಸುವ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಪರೀಕ್ಷೆಗೆ ಇಡುವ ಹಿತ್ತಾಳೆಯ ಸಣ್ಣ ತೂಕಗಳನ್ನು ನಾವು ಚಿಮಟದಲ್ಲೇ ಎತ್ತುವುದು. ಬೆರಳು ತಾಗಿದರೆ ಜಿಡ್ಡು ಅಂಟಿ ತೂಕ ತಪ್ಪುತ್ತದೆ. "ತೂಗುವವರ ಕೈ ತಟ್ಟೆಗೆ ತಾಗಬಾರದು" ಎಂದೆ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿ, "ಇದನ್ನ ನಾನೇ ಹೇಳಬೇಕಿತ್ತಮ್ಮ" ಎಂದರು. ಕಬ್ಬಿಣದಂಗಡಿಯವರು ಅದರ ಬಾಲಕ್ಕೆ ಇನ್ನೊಂದು ಸೇರಿಸಿದರು: ಮತ ಸಮ ಬಂದರೆ ಆ ಸೇವೆ ಇಲ್ಲ. ಅದೂ ಪಾಸಾಯಿತು.

ಪಟ್ಟಿಯಲ್ಲಿ ಹನ್ನೊಂದನೆಯದು: ಕಿವಿ ಕೇಳಿಸದವರಿಗೆ ಸಂಜ್ಞೆ ಭಾಷೆಯ ದುಭಾಷಿ. ನನ್ನ ತಂಗಿ ಗುಬ್ಬಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನಿಯಮ ಸೂಚಿಸುವ ಮೊದಲೇ ಆ ಸಾಲನ್ನು ಓದಿದ್ದೆ. ಓದಿದ್ದರಿಂದಲೇ ಸೂಚಿಸಿದೆನೆ? ನಾನು ಎಷ್ಟು ನ್ಯಾಯವಂತೆ ಎಂದು ಹತ್ತು ಜನ ನೋಡಲಿ ಎಂಬ ಆಸೆ ಎಷ್ಟಿತ್ತು, ನ್ಯಾಯ ಎಷ್ಟಿತ್ತು? ಇದನ್ನು ತೂಗುವ ತಕ್ಕಡಿ ನಮ್ಮ ವರ್ಕ್‌ಶಾಪಿನಲ್ಲಿಲ್ಲ.

ಸೋಮವಾರ, ಮಾರ್ಚ್ 4

ಮನೆಯಲ್ಲಿ ಇವರಿಗೆ ಸಭೆಯ ಕಥೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಎಲ್ಲ ಮಾತನ್ನೂ ಲಿಫ್ಟಿಗೇ ತಂದು ನಿಲ್ಲಿಸುತ್ತಾರೆ.

"ನೋಡು, ನಾನು ಹೋಗೋ ಪ್ರತಿ ಬಿಲ್ಡಿಂಗಲ್ಲೂ ಇದೇ ಜಗಳ. ಲಿಫ್ಟ್ ಖರ್ಚು ನಾವ್ಯಾಕೆ ಕೊಡಬೇಕು ಅಂತ ಕೆಳಗಿನ ಮನೆಯವರು. ಅವರದ್ದೂ ನ್ಯಾಯ ತಾನೇ? ಬಳಸೋರು ಕೊಡಲಿ. ಕೊಡಕ್ಕಾಗದೇ ಇದ್ರೆ ಮನೆಯವರು ನೋಡ್ಕೊಳ್ಳಲಿ. ಅದೂ ಇಲ್ದೇ ಇದ್ರೆ ಸರ್ಕಾರ."

ಒಪ್ಪಿದೆ. ನಾನೂ ಹೀಗೇ ಯೋಚಿಸಿದವಳು. ಮನೆಯವರ ಕೈಲಾಗುವುದನ್ನು ಊರಿನ ತೆರಿಗೆಯಿಂದ ಯಾಕೆ ಮಾಡಿಸಬೇಕು? ಗುಬ್ಬಿಯ ಮಾತನ್ನೇ ತೆಗೆದುಕೊಂಡರೆ, ಅವಳು ಶಾಲೆಗೆ ಸೇರುವ ಮೊದಲೇ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಕೈಭಾಷೆ ಕಟ್ಟಿಕೊಂಡಿದ್ದೆವು. ಬ್ಯಾಂಕು, ಆಸ್ಪತ್ರೆ, ಬಾಡಿಗೆ ಮನೆಯ ಮಾಲೀಕರು, ಎಲ್ಲ ಕಡೆ ನಾನೇ ಅವಳ ಬಾಯಿ. ಏಳು ವರ್ಷದ ಹಿಂದೆ ನಗರಸಭೆಯ ದುಭಾಷಿ ಬಂದ ಮೇಲೆ ಗುಬ್ಬಿ ನನ್ನನ್ನು ಕರೆಯುವುದು ಬಿಟ್ಟಳು. ನನಗೆ ಬಿಡುವಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಅವಳಿಗೆ ಕಣ್ಣಿನ ಡಾಕ್ಟರರು 21ಕ್ಕೆ ಬರಹೇಳಿದ್ದಾರಂತೆ. ಏನಾಗಿದೆ ಎಂದು ಕೇಳಿದರೆ, "ಕಣ್ಣಿಗೆ ವಯಸ್ಸಾಗಿದೆ, ನಿನಗೆ ಆದ ಹಾಗೆ" ಎಂದು ಕೈಯಾಡಿಸಿ ನಕ್ಕಳು. ನಲವತ್ತೊಂದಕ್ಕೆ ಎಂಥ ವಯಸ್ಸು.

ಶನಿವಾರ, ಮಾರ್ಚ್ 9

ನಿಯಮ ಮೊದಲ ಗಂಟೆಯಲ್ಲೇ ಎಡವಿತು. ಮೊದಲ ವಿಷಯ ಬೀದಿದೀಪ. ಬೀದಿದೀಪ ಬಳಸುವವರು ಹೊರಗೆ ಹೋಗಿ ಎಂದಾಗ ಹನ್ನೊಂದು ಜನರೂ ಮುಖ ಮುಖ ನೋಡಿಕೊಂಡೆವು. ಕತ್ತರಿ, "ಎಲ್ರೂ ಎದ್ದು ಹೋದ್ರೆ ಕೈ ಎತ್ತೋರು ಯಾರು ಸರ್, ಕುರ್ಚಿಗಳಾ?" ಎಂದರು. ಕೊನೆಗೆ, ಅರ್ಧಕ್ಕಿಂತ ಹೆಚ್ಚು ಜನ ಬಳಸುವ ಸೇವೆಗೆ ಯಾರೂ ಏಳಬೇಕಾಗಿಲ್ಲ ಎಂದು ತಿದ್ದಿದೆವು. ತಿದ್ದುಪಡಿಯ ವಾಕ್ಯ ನನ್ನದೇ. ಬೀದಿದೀಪ, ಕುಡಿಯುವ ನೀರು, ಕಸದ ಗಾಡಿ, ಮೂರೂ ಹತ್ತು ನಿಮಿಷದಲ್ಲಿ ಪಾಸು.

ಆಮೇಲೆ ಬಸ್ಸು. ಕಬ್ಬಿಣದಂಗಡಿಯವರು, "ನಾನು ಹದಿನೈದು ವರ್ಷದಿಂದ ಬಸ್ಸು ಹತ್ತಿಲ್ಲ. ನಾನ್ಯಾಕೆ ಕೊಡ್ಬೇಕು?" ಎಂದರು.

"ನಿಮ್ಮ ಅಂಗಡಿ ಕೆಲಸದವರು ಹೆಂಗ್ರೀ ಬರ್ತಾರೆ, ಹಾರ್ಕೊಂಡಾ?" ಎಂದು ಟೈಲರಮ್ಮ ಕೇಳಿದರು. ಅವರು, "ತಡವಾಗಿ ಬರ್ತಾರೆ" ಎಂದರು. ಎಲ್ಲರೂ ನಕ್ಕೆವು. ಬಸ್ಸು ಉಳಿಯಿತು.

ಊಟದ ನಂತರ ವಯಸ್ಸಾದವರ ಹಗಲು ಕೇಂದ್ರ. ಕತ್ತರಿಯ ತಂದೆ ದಿನವೂ ಅಲ್ಲಿಗೆ ಹೋಗುತ್ತಾರಂತೆ. ಕತ್ತರಿ ಎದ್ದು ಹೊರಗೆ ಹೋದರು. ಬಾಗಿಲಾಚೆ ಕಾರಿಡಾರಿನಲ್ಲಿ ಒಂದು ಮರದ ಬೆಂಚಿದೆ, ಒಂದು ಕಾಲು ಗಿಡ್ಡ. ಅವರು ಕೂತಾಗ ಅದು ಟಕ್ಕೆಂದ ಸದ್ದು ಒಳಗೆ ಕೇಳಿಸಿತು. ಅರ್ಧ ಗಂಟೆ ನಾವು ಆ ಕೇಂದ್ರದ ಬಗ್ಗೆ ಮಾತಾಡಿದೆವು. ಅದರೊಳಗೆ ಕಾಲಿಟ್ಟವರು ನಮ್ಮಲ್ಲಿ ಯಾರೂ ಇರಲಿಲ್ಲ. ಆರು–ನಾಲ್ಕರಲ್ಲಿ ಉಳಿಯಿತು. ಒಳಗೆ ಬಂದ ಕತ್ತರಿ ಯಾರ ಮುಖವನ್ನೂ ನೋಡದೆ ಕುರ್ಚಿ ಎಳೆದುಕೊಂಡರು. ನಾಲ್ವರು ಯಾರು ಎಂದು ಊಹಿಸುತ್ತಿದ್ದರೋ ಏನೋ.

ಶನಿವಾರ, ಮಾರ್ಚ್ 16

ಪುಸ್ತಕದ ಗಾಡಿ ಹೋಯಿತು. ವಾರಕ್ಕೊಮ್ಮೆ ಬೀದಿಬೀದಿಗೆ ಬರುವ ಗ್ರಂಥಾಲಯದ ವ್ಯಾನು. ಟೈಲರಮ್ಮ ಹೊರಗೆ ಹೋದರು. ನಾಲ್ಕು ಬೇಕು, ಆರು ಬೇಡ. ಬೇಡ ಎಂದ ಆರರಲ್ಲಿ ನನ್ನ ಕೈಯೂ ಇತ್ತು. ಪುಸ್ತಕ ಬೇಕಾದವರು ದೊಡ್ಡ ಗ್ರಂಥಾಲಯಕ್ಕೆ ಹೋಗಬಹುದಲ್ಲ ಎಂದು ಐದು ನಿಮಿಷ ಮಾತಾಡಿದೆ. ಯಾವ ಪಕ್ಷ ಕೊಟ್ಟರೂ ಅದರ ಪರವಾಗಿ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡುವುದನ್ನು ಕಲಿಸಿದ ಶಾಲೆ ನನ್ನದು. ಆ ಚಾಳಿ ಕನ್ನಡಕ್ಕೂ ಬಂದಿದೆ.

ನಂತರದ ವಿಷಯ ಈಜುಕೊಳ. ಅದನ್ನು ನಾನು ಬಳಸುತ್ತೇನೆ. ಬೆಂಚಿಗೆ ಹೋದೆ. ಟೈಲರಮ್ಮನ ಮಗಳೂ ಈಜಲು ಹೋಗುತ್ತಾಳಂತೆ, ಅವರೂ ಬಂದರು. ಬೆಂಚು ಅವರ ಕಡೆ ಟಕ್ಕೆಂದಿತು.

"ಗಾಡಿ ಕಾರ್ಡು ಮಗಳ ಹೆಸರಲ್ಲಿ ಮಾಡ್ಸಿದ್ದೆ," ಎಂದರು ಅವರು. "ಓದ್ತಿದ್ದವಳು ನಾನು. ಮಷೀನು ಬಿಟ್ಟು ಆ ದೊಡ್ಡ ಗ್ರಂಥಾಲಯಕ್ಕೆ ಎಲ್ಲಿ ಹೋಗ್ಲಿ ಹೇಳಿ. ಗಾಡಿ ಹಾರ್ನ್ ಕೇಳಿದ್ರೆ ಅರ್ಧ ಹೊಲಿಗೇಲಿ ಎದ್ದು ಓಡ್ತಿದ್ದೆ."

"ಇದನ್ನ ಒಳಗೆ ಹೇಳಬೇಕಿತ್ತು ನೀವು," ಎಂದೆ.

ಅವರು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. "ಹೇಳೋ ಹಾಗಿರಲಿಲ್ಲವಲ್ಲಮ್ಮ" ಎಂದರು.

ಬುಧವಾರ, ಮಾರ್ಚ್ 20

ಕೆಲಸದಲ್ಲಿ ಎರಡು ತೂಕಗಳನ್ನು ಬರಿಗೈಯಲ್ಲಿ ಎತ್ತಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಒರೆಸಿ ಮತ್ತೆ ತೂಗಲು ಸಂಜೆಯಾಯಿತು.

ಗುರುವಾರ, ಮಾರ್ಚ್ 21

ಗುಬ್ಬಿ ಬೇಡವೆಂದರೂ ಕಣ್ಣಾಸ್ಪತ್ರೆಗೆ ಹೋದೆ. ದುಭಾಷಿ ಆಗಲೇ ಬಂದಿದ್ದಳು. ಕಪ್ಪು ಅಂಗಿ. ಬೆರಳಲ್ಲಿ ಉಂಗುರವಿಲ್ಲ, ಕೆಲಸ ಶುರುವಾಗುವ ಮುಂಚೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾಳೆ, ಕೈ ನೋಡುವವರಿಗೆ ಹೊಳಪು ಅಡ್ಡ ಬರಬಾರದಂತೆ. ಗುಬ್ಬಿ ಅವಳಿಗಿಟ್ಟ ಹೆಸರೇ ಅದು: ಒಂದು ಬೆರಳಿನಿಂದ ಉಂಗುರ ಜಾರಿಸುವ ಸನ್ನೆ.

ಗುಬ್ಬಿಯನ್ನು ಪರೀಕ್ಷೆಗೆ ಕರೆದುಕೊಂಡು ಹೋದ ಮೇಲೆ ದುಭಾಷಿ ನನ್ನ ಪಕ್ಕ ಕೂತಳು.

"ಮೇಡಂ, ಒಂದು ವಿಷಯ. ನಿಮ್ಮ ತಂಗಿ ಜೊತೆ ಮಾತಾಡುವಾಗ ಕೈ ಅಗಲ ಮಾಡಿದ್ರೆ ಅವರಿಗೆ ಕಾಣ್ತಿಲ್ಲ. ಎರಡು ವರ್ಷದಿಂದ ನಾನು ಕೈಯನ್ನ ಎದೆ ಹತ್ರಕ್ಕೆ, ಇಷ್ಟಿಷ್ಟಕ್ಕೆ ತಂದಿದ್ದೀನಿ. ಮೊದಮೊದಲು ನನಗೂ ಗೊತ್ತಾಗಿರ್ಲಿಲ್ಲ. ಅವರೇ ಡಾಕ್ಟರ್ ಹತ್ರ ಹೋಗೋಣ ಅಂದ್ರು. ನಿಮಗೆ ಹೇಳಿರಬಹುದು ಅಂದ್ಕೊಂಡಿದ್ದೆ."

ಹೇಳಿರಲಿಲ್ಲ. ಹೋದ ತಿಂಗಳು ನಮ್ಮ ಮನೆಯಲ್ಲಿ ಸ್ಟೂಲಿಗೆ ಎಡವಿದಳು, ಸ್ಟೂಲನ್ನೇ ಬೈದೆ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು, ಅವಸರದವಳು ಎಂದುಕೊಂಡೆ. ನಾನು ಯಾವಾಗಲೂ ಅವಳ ಎದುರಿಗೇ, ಹತ್ತಿರವೇ ನಿಂತು ಮಾತಾಡುವವಳು. ಅಷ್ಟು ಹತ್ತಿರದಿಂದ ನನಗೆ ಇದು ಕಾಣಲಿಲ್ಲ.

ಕಣ್ಣಿನ ಅಂಚಿನಿಂದ ನೋಟ ಒಳಕ್ಕೆ ಕಿರಿದಾಗುತ್ತಾ ಬರುವ ಕಾಯಿಲೆ ಇರಬಹುದು ಎಂದು ಡಾಕ್ಟರರ ಅನುಮಾನ. ಎಷ್ಟು ದೂರಕ್ಕೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಏಪ್ರಿಲ್ 11ಕ್ಕೆ ಗೊತ್ತಾಗುತ್ತದೆ. ಕಿವಿ ಕೇಳಿಸದವಳ ಕಣ್ಣು. ಇದಕ್ಕಿಂತ ಮುಂದೆ ಬರೆಯಲಾರೆ.

ಹೊರಡುವಾಗ, "11ನೇ ತಾರೀಕು ನಾನೇ ಬರ್ತೀನಿ, ನಾನೇ ಡಾಕ್ಟರ್ ಹೇಳಿದ್ದನ್ನ ಹೇಳ್ತೀನಿ" ಎಂದು ಗುಬ್ಬಿಗೆ ಸನ್ನೆ ಮಾಡಿದೆ. ಅವಳು ನನ್ನ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ನಮ್ಮಲ್ಲಿ ಅದಕ್ಕೆ ಅರ್ಥ, ಬಾಯಿ ಮುಚ್ಚು.

ಶುಕ್ರವಾರ, ಮಾರ್ಚ್ 22

ಯಾಕೆ ಎಂದು ನನಗೆ ಗೊತ್ತು. ಮೂವತ್ತೆರಡು ವರ್ಷದಿಂದ ಗೊತ್ತು, ಬರೆದಿರಲಿಲ್ಲ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನಗೆ ಹದಿನಾಲ್ಕು, ಗುಬ್ಬಿಗೆ ಒಂಬತ್ತು. ಇನ್ನು ನಾಲ್ಕೈದು ದಿನ ಎಂದು ಡಾಕ್ಟರರು ಅಪ್ಪನಿಗೆ ನಮ್ಮೆದುರೇ ಹೇಳಿದರು. ಏನಂದರು ಎಂದು ಗುಬ್ಬಿ ನನ್ನ ತೋಳು ಜಗ್ಗಿದಳು. ಭಾನುವಾರ ಅಮ್ಮ ಮನೆಗೆ ಬರ್ತಾರಂತೆ ಎಂದೆ. ಶುಕ್ರವಾರ ನಾವೆಲ್ಲ ಆಸ್ಪತ್ರೆಗೆ ಹೊರಟಾಗ ಅವಳು ಬರಲಿಲ್ಲ. ಅಮ್ಮ ಬರುವಷ್ಟರಲ್ಲಿ ಚಿತ್ರ ಮುಗಿಸಬೇಕು ಎಂದು ಪಕ್ಕದ ಮನೆಯಲ್ಲಿ ಉಳಿದಳು. ಶನಿವಾರ ಅಮ್ಮ ಹೋದರು.

ಅವಳು ಅಳಬಾರದೆಂದು ಹೇಳಿದ್ದು. ಹಾಗೆಂದುಕೊಂಡೇ ಇಷ್ಟು ವರ್ಷ ಕಳೆದೆ. ಅವಳು ಅತ್ತರೆ ನನಗೆ ತಡೆಯಲಾಗುವುದಿಲ್ಲವೆಂದು ಹೇಳಿದ್ದೂ ಇರಬಹುದು.

ಭಾನುವಾರ, ಮಾರ್ಚ್ 24

ಗುಬ್ಬಿ ಊಟಕ್ಕೆ ಬಂದಿದ್ದಳು. ದುಭಾಷಿ ಸೇವೆಯ ವಿಷಯ ಏಪ್ರಿಲ್ 6ಕ್ಕೆ ಬರುತ್ತದೆ ಎಂದು ಹೇಳಿದೆ. "ಒಳ್ಳೆ ಜನ, ಏನೂ ಆಗಲ್ಲ" ಎಂದು ಸೇರಿಸಲು ಕೈ ಎತ್ತಿದವಳು ಅರ್ಧಕ್ಕೆ ನಿಲ್ಲಿಸಿದೆ. ಆರು ಕೈಗಳು ಪುಸ್ತಕದ ಗಾಡಿಗೆ ಬೇಡ ಎಂದದ್ದು ನೆನಪಾಯಿತು.

"ಹೋಗಬಹುದು," ಎಂದೆ.

"ನೀನು ಏನು ಹೇಳ್ತೀಯ ಸಭೇಲಿ?"

"ನಾನು ಹೊರಗೆ ಹೋಗಬೇಕು. ನಿಯಮ ಇದೆ."

"ಯಾವ ತಲೆಕೆಟ್ಟವರು ಮಾಡಿದ್ದು?"

ಹೇಳಿದೆ. ಗುಬ್ಬಿ ಮೊದಲು ನಂಬಲಿಲ್ಲ. ಆಮೇಲೆ ಶಬ್ದ ಮಾಡಿ ನಕ್ಕಳು, ಇವರು ಒಳಕೋಣೆಯಿಂದ ಓಡಿ ಬರುವಷ್ಟು. ನಕ್ಕು ಮುಗಿದ ಮೇಲೆ ಅವಳ ಮುಖ ಗಟ್ಟಿಯಾಯಿತು. "ನಾನೇ ಬಂದು ಹೇಳ್ತೀನಿ. ಬಳಸೋಳು ನಾನು. ನನ್ನನ್ನೇ ಕೇಳಲಿ."

ಬರಲಿ. ಆದರೆ ಅವಳ ಕೈಮಾತನ್ನು ಆ ಕೋಣೆಗೆ ಹೇಳುವವರು ಯಾರು? ದುಭಾಷಿಯ ಕೆಲಸವೇ ಅದು. ಅವಳಿಗಿಂತ ಹೆಚ್ಚಿನ ಲಾಭ ಯಾರಿಗಿದೆ? ಅವಳು ಬರುವಂತಿಲ್ಲ. ನಾನು ಅಕ್ಕ. ನಾನೂ ಇರುವಂತಿಲ್ಲ. ಸಂಜ್ಞೆ ಭಾಷೆ ಗೊತ್ತಿರುವವರೆಲ್ಲ ಹೊರಗೆ, ಗೊತ್ತಿಲ್ಲದವರೆಲ್ಲ ಒಳಗೆ. ಇಷ್ಟು ಅಚ್ಚುಕಟ್ಟಾಗಿ ಬಾಗಿಲು ಹಾಕಲು ಶತ್ರುವಿಗೂ ಸಾಧ್ಯವಾಗುತ್ತಿರಲಿಲ್ಲ.

ಬುಧವಾರ, ಮಾರ್ಚ್ 27

ಇವರು ತಡವಾಗಿ ಬಂದರು. ರಿಪೇರಿಗೆ ಹೋದ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರ ನಲ್ಲಿಯಲ್ಲಿ ನೀರಿಲ್ಲವೆಂದು ಪ್ಲಂಬರ್ ಬಂದಿದ್ದನಂತೆ. ನೀರಿನ ಟ್ಯಾಂಕು ಏಳನೇ ಮಹಡಿಯ ಮೇಲೆ. ಲಿಫ್ಟು ಕೆಟ್ಟಿದೆ, ಇಷ್ಟು ಸಾಮಾನು ಹೊತ್ತು ಹತ್ತಲ್ಲ ಎಂದು ಅವನು ಕೂತುಬಿಟ್ಟನಂತೆ. "ಲಿಫ್ಟಿಗೆ ದುಡ್ಡು ಕೊಡಲ್ಲ ಅಂದೋರೇ ನನಗೆ ಆರು ಸಲ ಫೋನ್ ಮಾಡಿದ್ರು" ಎಂದು ಹೇಳಿ, ಕೈ ತೊಳೆದು, ಊಟಕ್ಕೆ ಕೂತರು. ತಾವು ಹೇಳಿದ್ದೇನೆಂದು ಅವರಿಗೆ ಹೊಳೆಯಲೇ ಇಲ್ಲ. ನಾನೂ ಎತ್ತಿ ತೋರಿಸಲಿಲ್ಲ.

ಶನಿವಾರ, ಮಾರ್ಚ್ 30

ನಿಯಮವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಬಳಸುವವರೇ ಹೊರಗಿದ್ದರೆ ಒಳಗೆ ಗೊತ್ತಿಲ್ಲದವರು ಮಾತ್ರ ಉಳಿಯುತ್ತಾರೆ, ಎಲ್ಲರೂ ಬಳಸುವುದಕ್ಕೆ ರಿಯಾಯಿತಿ ಕೊಟ್ಟೆವು, ಕೆಲವರು ಬಳಸುವುದಕ್ಕೆ ಮಾತ್ರ ಬಾಗಿಲು ತೋರಿಸಿದೆವು ಎಂದು ವಿವರಿಸಿದೆ.

ನ್ಯಾಯಾಧೀಶರು ಕೇಳಿದರು, "ಮುಂದಿನ ವಾರ ನಿಮ್ಮ ಮನೆ ವಿಷಯ ಬರುತ್ತೆ, ಹೌದಾ?"

"ಹೌದು ಸರ್."

"ಪುಸ್ತಕದ ಗಾಡಿ ದಿನ ಈ ಮಾತು ಯಾಕೆ ಬರ್ಲಿಲ್ಲಮ್ಮ?"

ಟೈಲರಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ನಿಯಮ ಉಳಿಯಿತು. ತಂಗಿ ಬಂದು ಮಾತಾಡಬಹುದು ಎಂದರು. ಹೇಳುವವರು ಯಾರು ಎಂಬ ಪ್ರಶ್ನೆಗೆ ಅರ್ಧ ಗಂಟೆ ಹೋಯಿತು. ದುಭಾಷಿಯ ಸಂಬಳದ ಮಾತೇ ಇದಾದ್ದರಿಂದ ಅವಳು ಬೇಡವೆಂದರು. ಕೊನೆಗೆ ಕತ್ತರಿ, "ಹೊರಗೆ ಹೋಗಬೇಕಾದ್ದು ಸದಸ್ಯರು ತಾನೇ ಸರ್? ಇವರು ಸದಸ್ಯರಾಗಿ ಎದ್ದು ಹೊರಗೆ ಹೋಗ್ಲಿ, ತಂಗಿಯ ಬಾಯಾಗಿ ಒಳಗೆ ಬರ್ಲಿ. ಸ್ವಂತದ್ದು ಒಂದಕ್ಷರ ಸೇರಿಸ್ಬಾರ್ದು, ಬಿಡ್ಬಾರ್ದು. ಮತಕ್ಕೆ ಮುಂಚೆ ಮತ್ತೆ ಹೊರಗೆ" ಎಂದರು.

ಸೇರಿಸಬಾರದು, ಬಿಡಬಾರದು. ಒಪ್ಪಿದೆ.

ಶನಿವಾರ, ಏಪ್ರಿಲ್ 6

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ನನ್ನ ಕುರ್ಚಿಯಿಂದ ಎದ್ದು ಹೊರಗೆ ಹೋದೆ. ಬೆಂಚಿನ ಮೇಲೆ ಗುಬ್ಬಿ ಕಾಯುತ್ತಿದ್ದಳು. ಅವಳ ಜೊತೆ ಒಳಗೆ ಬಂದೆ. ಅವಳ ನೋಟದ ಮಧ್ಯಕ್ಕೆ ಬರುವ ಹಾಗೆ ಮೇಜಿನ ತುದಿಯಲ್ಲಿ ನಿಂತೆ. ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಂಡೆ, ಇಷ್ಟಿಷ್ಟೇ. ಗುಬ್ಬಿ ಅದನ್ನು ಗಮನಿಸಿದಳು.

ಅವಳು ಶುರು ಮಾಡಿದಳು. ನಾನು ಅವಳಾಗಿ ಮಾತಾಡಿದೆ.

"ನಾನು ಫೋಟೋಗಳಿಗೆ ಫ್ರೇಮ್ ಹಾಕೋ ಅಂಗಡೀಲಿ ಕೆಲಸ ಮಾಡ್ತೀನಿ. ನಾನೂ ತೆರಿಗೆ ಕೊಡ್ತೀನಿ. ಬೆಂಕಿ ಬಿದ್ದಾಗ ಊರಿಗೆಲ್ಲ ಕೂಗೋ ಸೈರನ್‌ಗೆ ನನ್ನ ಪಾಲೂ ಇದೆ. ಅದು ನನಗೆ ಕೇಳ್ಸಲ್ಲ. ಕೇಳ್ಸಲ್ಲ, ಅದಕ್ಕೇ ಕೊಡಲ್ಲ ಅಂತ ಯಾವತ್ತೂ ಹೇಳಿಲ್ಲ. ನೀವು ಸುಟ್ಟುಹೋಗಬಾರದು ಅಂತ ನನಗೂ ಇದೆ."

ಕತ್ತರಿ ನಕ್ಕರು, ಆಮೇಲೆ ನಗು ನುಂಗಿಕೊಂಡರು. ದುಭಾಷಿಯಿಂದ ಏನೇನು ಕೆಲಸವಾಯಿತು ಎಂದು ಗುಬ್ಬಿ ಒಂದೊಂದಾಗಿ ಹೇಳಿದಳು. ಬಾಡಿಗೆ ಕರಾರು. ಅಂಗಡಿಯಲ್ಲಿ ಗಾಜು ಒಡೆದದ್ದು ತನ್ನ ಮೇಲೆ ಬಂದಾಗ ಮಾಲೀಕರೆದುರು ಕೊಟ್ಟ ಉತ್ತರ. ಈಗ ಕಣ್ಣು. ಕಣ್ಣಿನ ವಿಷಯವನ್ನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಹೇಳಿದೆ. ಅವಳು ನಾನು ಮುಗಿಸುವವರೆಗೂ ಕೈ ಕಟ್ಟಿ ಕಾದಳು.

ಆಗ ಕಬ್ಬಿಣದಂಗಡಿಯವರು ಕೇಳಿದರು. ಒರಟಾಗಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದು. "ನಿಮ್ಮ ಅಕ್ಕ ಇಷ್ಟು ಚೆನ್ನಾಗಿ ಹೇಳ್ತಿದ್ದಾರಲ್ಲಮ್ಮ. ಮನೇಲೇ ಇವರು ಇರೋವಾಗ ಊರಿನ ದುಡ್ಡಲ್ಲಿ ಇನ್ನೊಬ್ಬರು ಯಾಕೆ?"

ಪ್ರಶ್ನೆಯನ್ನು ಗುಬ್ಬಿಗೆ ಹೇಳಿದೆ. ಅವಳು ಉತ್ತರ ಕೊಟ್ಟಳು. ನಾನು ಸುಮ್ಮನೆ ನಿಂತೆ. ಅವಳು ಮೇಜಿನ ಮೇಲೆ ಅಂಗೈಯಿಂದ ಒಂದು ಸಲ ಬಡಿದಳು. ಹೇಳು.

ಹೇಳಿದೆ.

"ಇವಳು ನನ್ನ ಅಕ್ಕ. ಒಳ್ಳೆಯವಳು. ನನಗೆ ಒಂಬತ್ತು ವರ್ಷ ಇದ್ದಾಗ ಅಮ್ಮ ಸಾಯ್ತಾರೆ ಅಂತ ಡಾಕ್ಟರ್ ಹೇಳಿದ್ರು. ಭಾನುವಾರ ಮನೆಗೆ ಬರ್ತಾರೆ ಅಂತ ಅಕ್ಕ ನನಗೆ ಹೇಳಿದಳು. ನಾನು ನಂಬಿದೆ. ಕೊನೆ ಸಲ ನೋಡಕ್ಕೆ ಹೋಗ್ಲಿಲ್ಲ, ಪಕ್ಕದ ಮನೇಲಿ ಚಿತ್ರ ಬರೀತಾ ಕೂತಿದ್ದೆ. ಅವಳು ಕೆಟ್ಟವಳಾಗಿದ್ದಿದ್ರೆ ನಿಜ ಹೇಳ್ತಿದ್ದಳು. ಆಮೇಲೂ ಎಷ್ಟೋ ಕಡೆ ನನ್ನ ಬಾಯಾಗಿದ್ದಾಳೆ. ಪ್ರತಿ ಸಲ ನಾನು ಅವಳ ಮುಖ ನೋಡಿ, ಏನು ಬಿಟ್ಟಳು ಅಂತ ಹುಡುಕಿದ್ದೀನಿ. ನನಗೆ ನನ್ನ ಮೇಲೆ ಪ್ರೀತಿ ಇರೋರು ಅಲ್ಲಿ ಬೇಡ. ಸಂಬಳ ತಗೊಂಡು, ಇದ್ದದ್ದನ್ನ ಇದ್ದ ಹಾಗೆ ಹೇಳಿ, ಮನೆಗೆ ಹೋಗೋರು ಬೇಕು. ಅದನ್ನ ಮನೆಯವರು ಕೊಡಕ್ಕಾಗಲ್ಲ. ನೀವೇ ಕೊಡಬೇಕು."

ಪೂರ್ತಿ ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ. ಗುಬ್ಬಿ ಮಾತಾಡುವವರ ತುಟಿ ನೋಡುವ ಹಾಗೆ ನನ್ನ ತುಟಿಯನ್ನೇ ನೋಡುತ್ತಿದ್ದಳು, ಕೊನೆಯ ಮಾತಿನವರೆಗೂ.

ಆಮೇಲೆ ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅವಳಿಗೆ ಅದರ ಟಕ್ ಕೇಳಿಸುವುದಿಲ್ಲ. ಬೆಂಚು ವಾಲಿದ್ದಕ್ಕೆ ನನ್ನ ಮಂಡಿ ಹಿಡಿದುಕೊಂಡಳು. ಕೈಯನ್ನು ಅಲ್ಲೇ ಬಿಟ್ಟಳು.

ಕತ್ತರಿ ಹೊರಗೆ ಬಂದರು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಐದು–ಐದು ಕಣಮ್ಮ," ಎಂದರು. "ಸಮ." ಬಾಗಿಲು ಎಳೆದುಕೊಂಡು, "ಕಬ್ಬಿಣದಂಗಡಿಯವರು ಬೇಕು ಅಂತ ಕೈ ಎತ್ತಿದ್ರು, ನಂಬ್ತೀರಾ? ಟೈಲರಮ್ಮನೂ. ನ್ಯಾಯಾಧೀಶರು ಎತ್ತಲಿಲ್ಲ. ಕಣ್ಣೀರಿಗೆ ತೀರ್ಪು ಕೊಡಬಾರದು ಅಂದ್ರು" ಎಂದರು.

ಏನಂದ್ರು ಎಂದು ಗುಬ್ಬಿ ನನ್ನ ತೋಳು ಜಗ್ಗಿದಳು.

ಹೇಳಿದೆ. "ಸಮ ಬಂತು. ಸಮ ಬಂದ್ರೆ ಇಲ್ಲ. ಈ ತಿಂಗಳ ಕೊನೆಗೆ ನಿಲ್ಲುತ್ತೆ. ನಾನು ಒಳಗೆ ಇದ್ದಿದ್ರೆ ಉಳೀತಿತ್ತು."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕುತ್ತಿದ್ದಳು ಎಂದು ಇವತ್ತು ಮೊದಲ ಬಾರಿಗೆ ನನಗೆ ಗೊತ್ತಾಯಿತು.

ಭಾನುವಾರ, ಏಪ್ರಿಲ್ 7

ಒಂದು ಕೈ. ನನ್ನದು.

ಗುರುವಾರ, ಏಪ್ರಿಲ್ 11

ದುಭಾಷಿಗೆ ಈ ತಿಂಗಳ ಕೊನೆಯವರೆಗೆ ಕೆಲಸವಿದೆ. ಇವತ್ತಿನದು ಸಿಕ್ಕಿತು. ಮುಂದಿನ ಸಲದ್ದು ಸಿಗುವುದಿಲ್ಲ.

ಡಾಕ್ಟರರ ಬಾಗಿಲಲ್ಲಿ ಗುಬ್ಬಿ ನನ್ನನ್ನು ತಡೆದಳು. "ನೀನು ಹೊರಗೆ ಕೂತ್ಕೋ. ನಿನಗೆ ಅಭ್ಯಾಸ ಇದೆಯಲ್ಲ." ನಗುತ್ತಿದ್ದಳು, ಆದರೆ ತಮಾಷೆಗೆ ಹೇಳಿದ್ದಲ್ಲ. ದುಭಾಷಿ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡಳು. ಬಾಗಿಲು ಮುಚ್ಚಿತು.

ಬಾಗಿಲಿಗೆ ಗಾಜಿನ ಕಿಂಡಿಯಿದೆ. ಕುರ್ಚಿಯಲ್ಲಿ ಕೂತರೆ ಒಳಗಿನದೆಲ್ಲ ಕಾಣುತ್ತದೆ. ಡಾಕ್ಟರರ ಕೈಯಲ್ಲಿ ಕಾಗದ, ದುಭಾಷಿಯ ಪಕ್ಕದ ನೋಟ, ಎದೆಯ ಹತ್ತಿರ ಏಳುತ್ತಿರುವ ಅವಳ ಕೈಗಳು. ನನಗೆ ಆ ಕೈಗಳನ್ನು ಓದಲು ಬರುತ್ತದೆ. ಗುಬ್ಬಿ ಓದುವಷ್ಟೇ ಬೇಗ ಓದಬಲ್ಲೆ. "ನಿಮ್ಮ" ಎಂಬ ಸನ್ನೆ ಕಂಡಿತು. ಅದರ ಮುಂದಿನದಕ್ಕೆ ಮುಂಚೆ ಎದ್ದು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತೆ. ಪಕ್ಕದಲ್ಲಿ ಕಾಯುತ್ತಿದ್ದ ಮುದುಕರೊಬ್ಬರು, "ಫ್ಯಾನು ಗಾಳಿ ಆಗಲ್ವೇನಮ್ಮಾ?" ಎಂದು ಕೇಳಿದರು. ಹೌದೆಂದೆ.

ಗೋಡೆಯಲ್ಲಿ ಬೆಂಕಿ ಬಿದ್ದಾಗ ಹೊರಹೋಗುವ ದಾರಿಯ ನಕ್ಷೆಯಿತ್ತು. ಇಪ್ಪತ್ತು ನಿಮಿಷ ಅದನ್ನೇ ಓದಿದೆ. ಈಗ ಆ ಆಸ್ಪತ್ರೆಯಿಂದ ಕಣ್ಣು ಮುಚ್ಚಿಕೊಂಡೂ ಹೊರಗೆ ಬರಬಲ್ಲೆ.

ಗುಬ್ಬಿ ಬಂದು ನನ್ನ ಎದುರಿಗೆ ನಿಂತಳು. ಕುರ್ಚಿ ಯಾಕೆ ಈ ಕಡೆ ತಿರುಗಿದೆ ಎಂದು ಒಮ್ಮೆ ಗಾಜನ್ನು, ಒಮ್ಮೆ ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿತ್ತು, ಡಾಕ್ಟರು ಹಾಕಿದ ಔಷಧಿಯಿಂದಲೂ ಕೆಂಪಾಗುತ್ತದೆ.

"ಭಾನುವಾರ ಹೇಳ್ತೀನಿ," ಎಂದಳು. "ಅಲ್ಲೀವರೆಗೂ ಕೇಳಬೇಡ."

ಭಾನುವಾರ. ಆ ವಾರವನ್ನೇ ಆರಿಸಿಕೊಂಡಳೋ, ರಜೆಯ ದಿನವೆಂದು ಹೇಳಿದಳೋ. ಕೇಳಲಿಲ್ಲ.

ಶನಿವಾರ, ಏಪ್ರಿಲ್ 13

ಇವತ್ತು ಸಭೆಯಿಲ್ಲ. ಟೈಲರಮ್ಮನ ಅಂಗಡಿಗೆ ಹೋಗಿದ್ದೆ. ಸೀರೆಯ ಫಾಲ್ ಹೊಲಿಸುವ ನೆಪ. ಎರಡು ಸೇವೆಗಳನ್ನೂ ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕೆಂದು ನಗರಸಭೆಗೆ ಒಂದು ಅರ್ಜಿ ಬರೆದಿದ್ದೇನೆ ಎಂದು ತೋರಿಸಿದೆ. ಪುಸ್ತಕದ ಗಾಡಿ ಮೊದಲು, ದುಭಾಷಿ ನಂತರ. ಅವರು ಕನ್ನಡಕ ಹಾಕಿ ಓದಿದರು. "ನೀವು ಗಾಡಿಗೆ ಬೇಡ ಅಂತ ಕೈ ಎತ್ತಿದ್ದು ನನಗೆ ಗೊತ್ತು" ಎಂದರು. ನನಗೂ ಗೊತ್ತು ಎಂದೆ. ಪೆನ್ನು ಕೊಡಿ ಎಂದರು. ಸಹಿ ಹಾಕಿ, "ಫಾಲ್ ಮಂಗಳವಾರ ಸಿಗುತ್ತೆ, ದುಡ್ಡು ಬಿಡಲ್ಲ" ಎಂದರು.

ಭಾನುವಾರ, ಏಪ್ರಿಲ್ 14

ಬೆಳಿಗ್ಗೆ ಆರಕ್ಕೇ ಎದ್ದೆ. ಸ್ಟೂಲನ್ನು ದಾರಿಯಿಂದ ತೆಗೆದು ಒಳಗಿಟ್ಟೆ. ಎರಡು ಕುರ್ಚಿಗಳನ್ನು ಎದುರುಬದುರಾಗಿ ಕಿಟಕಿಯ ಹತ್ತಿರ ಹಾಕಿದೆ. ಬೆಳಕು ಇಬ್ಬರ ಕೈಗಳ ಮೇಲೂ ಬೀಳುವ ಹಾಗೆ. ಇವರು ಏನೂ ಕೇಳದೆ ಪೇಟೆಗೆ ಹೋಗಿ ಬರುತ್ತೇನೆಂದು ಹೊರಟರು.

ಒಳ್ಳೆಯದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ಕೆಟ್ಟದ್ದೇ ಇರುತ್ತದೆ ಎಂದೂ ಹೇಳಿಕೊಳ್ಳಲಿಲ್ಲ. ಕೈಯಲ್ಲಿದ್ದ ಉಂಗುರವನ್ನು ತೆಗೆದು ಈ ಪುಟದ ಮೇಲೆ ಇಟ್ಟಿದ್ದೇನೆ.

ಬೆಲ್ ಆಯಿತು, ಒಂದು, ಎರಡು, ಮೂರು. ತನಗೆ ಕೇಳಿಸದ ಸದ್ದನ್ನು ಅವಳು ಯಾವತ್ತೂ ಮೂರು ಸಲ ಒತ್ತುತ್ತಾಳೆ.